ಅಂಜಿಕೆಯ ಅಣಕು

ಕೊಲೆಗಾರನ ಮುಸುಕನ್ನು ಕಂಡು ನಗುವುದು ಸಾಧ್ಯವೆ? 2000ದಲ್ಲಿ ಬಂದ 'ಸ್ಕೇರಿ ಮೂವಿ' ಎಂಬ ಅಮೆರಿಕದ ಚಿತ್ರಪಟವನ್ನು ನೋಡಿದವರು ಸಾಧ್ಯವೆಂದಾರು. ನಾನು ಅದನ್ನು ಮೊದಲು ಕಂಡದ್ದು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ, ಗೆಳೆಯನ ಕೋಣೆಯಲ್ಲಿ, ಬಾಡಿಗೆಗೆ ತಂದ ಸಿ.ಡಿ.ಯಿಂದ. ಬಿದ್ದು ಬಿದ್ದು ನಕ್ಕೆವು. ಯಾವುದನ್ನು ಕುರಿತು ನಗುತ್ತಿದ್ದೇವೆಂಬುದು ಮಾತ್ರ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೊನ್ನೆ ಹುಲಕೋಟಿಯ ಮನೆಯಲ್ಲಿ, ಬಿ.ಕಾಂ. ಓದುತ್ತಿರುವ ಅಣ್ಣನ ಮಗನೊಡನೆ ಕುಳಿತು ಅದನ್ನೇ ಮತ್ತೆ ನೋಡಿದೆ. ನಡುವೆ ಮೂಲ ಚಿತ್ರಗಳನ್ನೂ ನೋಡಿದ್ದೆನಾದ್ದರಿಂದ ಈ ಸಲದ ನಗೆಯೇ ಬೇರೆಯಾಗಿತ್ತು.

ಹರೆಯದ ಹುಡುಗ ಹುಡುಗಿಯರನ್ನು ಮುಸುಕಿನವನೊಬ್ಬ ಒಬ್ಬೊಬ್ಬರನ್ನಾಗಿ ಇರಿದು ಕೊಲ್ಲುವ ಕತೆಗಳು, 1978ರ 'ಹ್ಯಾಲೋವೀನ್' ಗೆದ್ದ ಮೇಲೆ, ಅಲ್ಲಿ ಸಾಲುಗಟ್ಟಿ ಬಂದವು. ಅವುಗಳ ಕಟ್ಟು ನಮ್ಮ ಷಟ್ಪದಿಯಷ್ಟೇ ಬಿಗಿ: ಒಂಟಿ ಮನೆ, ಫೋನಿನ ಗಂಟೆ, ಹೊರಬಾಗಿಲನ್ನು ಬಿಟ್ಟು ಮಹಡಿಗೆ ಓಡುವ ಹುಡುಗಿ. ವೆಸ್ ಕ್ರೇವನ್ನನ 'ಸ್ಕ್ರೀಮ್' (1996) ಒಂದು ಜಾಣತನ ಮಾಡಿತು. ಅದರ ಪಾತ್ರಗಳಿಗೇ ಈ ಕಟ್ಟು ಬಾಯಿಪಾಠ. 'ಈಗ ಬಂದೆ' ಎಂದು ಹೋದವನು ತಿರುಗಿ ಬರಲಾರನೆಂದು ಅವರಲ್ಲೊಬ್ಬನು ಉಳಿದವರಿಗೆ ಪಾಠವನ್ನೇ ಹೇಳುತ್ತಾನೆ. ಪಾಠವಾದರೂ ಸಾವು ತಪ್ಪುವುದಿಲ್ಲ. ಹೀಗೆ ತನ್ನನ್ನು ತಾನೇ ಅಣಕಿಸಿಕೊಂಡದ್ದನ್ನು ಇನ್ನೊಬ್ಬನು ಅಣಕಿಸುವುದೆಂತು?

ನಿರ್ದೇಶಕ ಕೀನನ್ ಐವರಿ ವೇಯನ್ಸ್ ಹಿಡಿದ ದಾರಿ ಸರಳವಾದುದು: ಅಂಜಿಕೆಯನ್ನು ತೆಗೆದು ಕಟ್ಟನ್ನಷ್ಟೇ ಉಳಿಸುವುದು. ಕೊಲೆಗಾರನಿಂದ ತಪ್ಪಿಸಿಕೊಂಡು ಓಡುವ ಹುಡುಗಿಯ ಮುಂದೆ ಎರಡು ಫಲಕಗಳು, ಒಂದರ ಮೇಲೆ 'ಸುರಕ್ಷೆ', ಮತ್ತೊಂದರ ಮೇಲೆ 'ಸಾವು'. ಅವಳು ಸಾವಿನ ಕಡೆಗೇ ಓಡುತ್ತಾಳೆ. "ಕಾಕಾ, ಈಕಿಗೆ ಓದಾಕ ಬರಂಗಿಲ್ಲೇನ್ರೀ?" ಎಂದ ನಮ್ಮ ಹುಡುಗ. ಮೂಲವನ್ನರಿಯದವನಿಗೆ ಅದು ಒಬ್ಬ ಹುಡುಗಿಯ ದಡ್ಡತನ. ಅರಿತವನಿಗೆ ಇಪ್ಪತ್ತು ವರ್ಷ ಮಹಡಿಗೆ ಓಡಿದ ಎಲ್ಲ ಹುಡುಗಿಯರೂ ಅವಳ ಜೊತೆಗೆ ಓಡುತ್ತಾರೆ.

ಇದಕ್ಕಿಂತ ಮೇಲಾದ ದೃಶ್ಯ ಇನ್ನೊಂದಿದೆ. ಬ್ರೆಂಡಾ ಎಂಬವಳು ಚಿತ್ರಮಂದಿರದಲ್ಲಿ ಫೋನಿನಲ್ಲಿ ಗಟ್ಟಿಯಾಗಿ ಹರಟುತ್ತಿರುತ್ತಾಳೆ. ಕೊಲೆಗಾರನ ಚೂರಿಗೆ ಮೊದಲೇ ಪ್ರೇಕ್ಷಕರೇ ಎದ್ದು ಅವಳನ್ನು ಇರಿಯುತ್ತಾರೆ! ಸಿನೆಮಾ ನೋಡುವಾಗ ಪಕ್ಕದವನ ಫೋನಿಗೆ ಹಲ್ಲು ಕಡಿಯದವರು ನಮ್ಮಲ್ಲಿ ಯಾರಿದ್ದಾರೆ? ಇಂಥ ಚಿತ್ರಗಳಿಗೆ ದುಡ್ಡು ಕೊಟ್ಟು ಹೋಗುವ ನಮ್ಮೊಳಗಿನ ರಕ್ತದಾಸೆಯನ್ನು ಈ ದೃಶ್ಯ ನಗಿಸುತ್ತಲೇ ಬಯಲಿಗೆಳೆದಿದೆ.

ಚಿತ್ರವೆಲ್ಲ ಈ ಮಟ್ಟದಲ್ಲಿದ್ದರೆ ಎಷ್ಟು ಚೆನ್ನಾಗಿತ್ತು! ಅರ್ಧಕ್ಕರ್ಧ ಹೊಲಸು ಮಾತು, ಹೊಲಸು ಚೇಷ್ಟೆ. ಅದಕ್ಕೆ ನಗಲು ಮೂಲದ ಪರಿಚಯ ಬೇಕಾಗಿಲ್ಲ. ಧಾರವಾಡದಲ್ಲಿ ನಾವು ನಕ್ಕದ್ದೂ ಅದಕ್ಕೇ ಎಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಸುಮಾರು 2 ಕೋಟಿ ಡಾಲರಿನ ಈ ಚಿತ್ರ 27 ಕೋಟಿಗೂ ಮಿಕ್ಕಿ ಗಳಿಸಿತು. ಅದರಲ್ಲಿ ಅಣಕಿನ ಪಾಲೆಷ್ಟು, ಹೊಲಸಿನ ಪಾಲೆಷ್ಟು ಎಂಬ ಲೆಕ್ಕವನ್ನು ಬಿ.ಕಾಂ. ಹುಡುಗನೂ ಹೇಳಲಾರ.

ಅಣಕು ನಮಗೆ ಹೊಸದೇನಲ್ಲ. ನಮ್ಮ ಕಡೆಯ ದೊಡ್ಡಾಟದಲ್ಲಿ ರಾಜನು ಕುಣಿದಬ್ಬರಿಸುತ್ತ ರಂಗಕ್ಕೆ ಬಂದರೆ, ಸಾರಥಿ ಅವನ ಹೆಸರು, ಊರು ಕೇಳಿ ಕೆಣಕುತ್ತಾನೆ. ಜನ ನಗುತ್ತಾರೆ. ಮರುಗಳಿಗೆ ರಾಜನು ಸಿಟ್ಟಿಗೆದ್ದರೆ ಅದೇ ಜನ ಸುಮ್ಮನಾಗುತ್ತಾರೆ. ಸಾರಥಿಯ ನಗೆಯಿಂದ ರಾಜನ ಕಿರೀಟ ಬೀಳುವುದಿಲ್ಲ. ಉಪೇಂದ್ರರ 'ಶ್!' (1993) ಈ ಹದವನ್ನು ಬಲ್ಲದು. ದೆವ್ವದ ಸಿನೆಮಾ ತೆಗೆಯಹೋದ ತಂಡವೇ ಅಲ್ಲಿ ಕೊಲೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಸಿನೆಮಾದವರ ಪೇಚಾಟಕ್ಕೆ ನಗುತ್ತಿರುವಾಗಲೇ ಬೆನ್ನಿನಲ್ಲಿ ಚಳಿ ಹುಟ್ಟುತ್ತದೆ. ಅದೂ 'ಸ್ಕ್ರೀಮ್'ಗಿಂತ ಮೂರು ವರ್ಷ ಮೊದಲು. ಈ ಮಾತನ್ನು ನಾವು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು. 'ಸ್ಕೇರಿ ಮೂವಿ'ಯಲ್ಲಿ ಮಾತ್ರ ಒಮ್ಮೆ ಹೋದ ಅಂಜಿಕೆ ತಿರುಗಿ ಬರುವುದಿಲ್ಲ.

ಅಂದು ರಾತ್ರಿ ಹುಡುಗ ಹಟ ಹಿಡಿದು 'ಸ್ಕ್ರೀಮ್' ಹಚ್ಚಿದ. ಮನೆಯಲ್ಲಿ ಒಬ್ಬಳೇ ಹುಡುಗಿ. ಒಲೆಯ ಮೇಲೆ ಪಾಪ್‌ಕಾರ್ನ್ ಚಟಪಟಗುಟ್ಟುತ್ತಿದೆ, ಫೋನು ಬಾರಿಸುತ್ತದೆ. ಆ ದೃಶ್ಯಕ್ಕೆ ನಾನು ಈಗಲೂ ಕಾಲು ಮಡಚಿ ಕೂರುತ್ತೇನೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.