ಹೊಸ ವಸ್ತುಗಳು: ಬೆರಗಷ್ಟೇ ಸಾಲದು

2025ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನವು ಲೋಹ-ಸಾವಯವ ಚೌಕಟ್ಟುಗಳನ್ನು ರೂಪಿಸಿದ ಕಿಟಗಾವ, ರಾಬ್ಸನ್ ಮತ್ತು ಯಾಘಿ ಅವರಿಗೆ ಸಂದಿತು. ಇಂತಹ ಸಂಶೋಧನೆಯ ಬಗೆಗಿನ ಬರವಣಿಗೆ ‘ಮರಳುಗಾಡಿನ ಗಾಳಿಯಿಂದ ನೀರು’ ಎಂಬಲ್ಲಿಗೇ ಮುಗಿದುಬಿಡುವುದುಂಟು. ಆಗ ಓದುಗರಿಗೆ ಬೆರಗು ದಕ್ಕುತ್ತದೆ, ರಸಾಯನ ವಿಜ್ಞಾನ ದಕ್ಕುವುದಿಲ್ಲ.

ಲೋಹದ ಅಯಾನುಗಳನ್ನು ಸಾವಯವ ಅಣುಗಳು ಕೊಂಡಿಗಳಂತೆ ಜೋಡಿಸಿದಾಗ ಅತಿ ಸೂಕ್ಷ್ಮ ರಂಧ್ರಗಳುಳ್ಳ ಹರಳು ಉಂಟಾಗುತ್ತದೆ. ಈ ರಂಧ್ರಗಳು ರಾತ್ರಿಯ ತೇವವನ್ನು ಹಿಡಿದು, ಹಗಲಿನ ಬಿಸಿಲಿಗೆ ಬಿಡುತ್ತವೆ. ಗಾಳಿಯಲ್ಲಿ ಇಲ್ಲದ ನೀರನ್ನು ಅವು ಸೃಷ್ಟಿಸಲಾರವು. ಈ ಮಿತಿಯನ್ನು ಹೇಳದ ಲೇಖನ ಅಪೂರ್ಣ.

ವಸ್ತುವಿನಲ್ಲಿ ಏನಿದೆ, ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ? ಈ ಮೂರು ಪ್ರಶ್ನೆಗಳನ್ನು ಕಲಿಸಬಲ್ಲ ವಸ್ತು ನಮ್ಮಲ್ಲೇ ಇದೆ. ಅಂತರಸಂತೆಯ ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಅದೇ ಜಿಲ್ಲೆಯಲ್ಲಿ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1962ರ ಮಹಾಚುನಾವಣೆಯಿಂದ ಅದು ಬಳಕೆಯಲ್ಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಲವಣದೊಡನೆ ವರ್ತಿಸಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಾಗ ಕಪ್ಪಾಗುತ್ತದೆ. ಸಾಬೂನಿಗೆ ಅದು ಜಗ್ಗದು. ಆದರೆ ಆ ಚರ್ಮಕೋಶಗಳು ಉದುರಿದಂತೆ ಗುರುತೂ ಮಾಯವಾಗುತ್ತದೆ. ‘ಅಳಿಸಲಾಗದ ಶಾಯಿ’ಗೂ ಮಿತಿಯಿದೆ.

ಹೊಸ ವಸ್ತುವಿನ ಸುದ್ದಿ ಬಂದಾಗ ಶಿಕ್ಷಕರು ಮೊದಲು ಈ ಬೆರಳನ್ನು ತೋರಿಸಿ, ಬಳಿಕ ಅದೇ ಮೂರು ಪ್ರಶ್ನೆಗಳನ್ನು ಸುದ್ದಿಗೂ ಕೇಳಿಸಲಿ. ಉತ್ತರ ಸಿಗದಿದ್ದರೆ ಕೊರತೆ ವಿದ್ಯಾರ್ಥಿಯದಲ್ಲ, ಬರೆದವರದು.