ಚರ್ಮದ ಲಿಂಫೋಮದಲ್ಲಿ ಪ್ರೋಟೀನು ಸೂಚಕಗಳು: ಒಂದು ವಿಮರ್ಶೆ

ಚರ್ಮದಲ್ಲಿ ಹುಟ್ಟುವ ಟಿ-ಜೀವಕೋಶಗಳ ಲಿಂಫೋಮಗಳ ಪೈಕಿ ಹೆಚ್ಚಾಗಿ ಕಂಡುಬರುವುದು ಮೈಕೋಸಿಸ್ ಫಂಗಾಯ್ಡಿಸ್ ಎಂಬ ವ್ಯಾಧಿ. ಫ್ರಾನ್ಸಿನ ವೈದ್ಯನಾದ ಅಲಿಬೇರ್ ಇದನ್ನು 1806ರಲ್ಲಿ ಮೊದಲು ಗಮನಿಸಿ ವರ್ಣಿಸಿದನು. ಇದರ ಗಂಟುಗಳು ಅಣಬೆಗಳಂತೆ ತೋರಿದುದರಿಂದ ಈ ಹೆಸರು ಬಂದಿತೇ ಹೊರತು ಶಿಲೀಂಧ್ರಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮಚ್ಚೆ, ದಪ್ಪನಾದ ಹಲ್ಲೆ, ಗಂಟು ಎಂಬ ಮೂರು ಅವಸ್ಥೆಗಳನ್ನು 1870ರಲ್ಲಿ ಬಾಜಾನ್ ಗುರುತಿಸಿದನು. ಇದೇ ಬಳಗದ ಸೆಜಾರಿ ವ್ಯಾಧಿಯಲ್ಲಿ ಮೈಯೆಲ್ಲ ಕೆಂಪೇರುವುದಲ್ಲದೆ ವಿಕೃತ ಜೀವಕೋಶಗಳು ರಕ್ತದಲ್ಲಿಯೂ ಸಂಚರಿಸುತ್ತವೆ.

ರೋಗದ ಮೊದಲ ಅವಸ್ಥೆಯೇ ವೈದ್ಯನಿಗೆ ಕಠಿಣವಾದ ಪರೀಕ್ಷೆ. ಆಗಿನ ಮಚ್ಚೆಯು ಇಸುಬನ್ನೋ ಸೋರಿಯಾಸಿಸ್ಸನ್ನೋ ಹೋಲುತ್ತದೆ. ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಸಂದೇಹವು ಅನೇಕ ವೇಳೆ ಉಳಿಯುತ್ತದೆ. 2019ರಲ್ಲಿ ಪ್ರಕಟವಾದ ಪ್ರೋಕ್ಲಿಪಿ ಎಂಬ ಅಂತರರಾಷ್ಟ್ರೀಯ ದಾಖಲೆಯ ಪ್ರಕಾರ, ಆರಂಭದ ಅವಸ್ಥೆಯ ರೋಗಿಗಳಲ್ಲಿ ಮೊದಲ ಲಕ್ಷಣದಿಂದ ರೋಗನಿರ್ಣಯದವರೆಗೆ ಕಳೆದ ಕಾಲದ ಮಧ್ಯಮಾಂಕ 36 ತಿಂಗಳು. ಕಪ್ಪು ಮೈಬಣ್ಣದವರಲ್ಲಿ ಈ ರೋಗವು ಎಷ್ಟೋ ವೇಳೆ ಬಿಳಿಚಿದ ಮಚ್ಚೆಯಾಗಿ ಕಾಣಿಸಿಕೊಂಡು ಕುಷ್ಠವೆಂದೋ ತೊನ್ನೆಂದೋ ಭ್ರಮೆ ಹುಟ್ಟಿಸುವುದುಂಟು. ಆದಕಾರಣ ಈ ಪ್ರಶ್ನೆ ನಮ್ಮ ದೇಶಕ್ಕೆ ದೂರದ್ದಲ್ಲ. ರಕ್ತದಲ್ಲಿನ ಯಾವುದಾದರೊಂದು ಪ್ರೋಟೀನು ಈ ವಿಳಂಬವನ್ನು ತಪ್ಪಿಸಬಹುದೇ ಎಂಬ ಆಸೆ ಸಹಜವಾದುದೇ. ಆದರೆ ಈ ಕ್ಷೇತ್ರದ ಬರಹಗಳಲ್ಲಿ ಎರಡು ಪ್ರಶ್ನೆಗಳು ಒಂದರೊಡನೊಂದು ಬೆರೆತುಹೋಗಿವೆಯೆಂಬುದು ನಮ್ಮ ಆಕ್ಷೇಪ. ರೋಗವಿದೆಯೇ ಎಂಬುದು ಒಂದು ಪ್ರಶ್ನೆ. ಇರುವ ರೋಗವು ಎಷ್ಟು ಮುಂದುವರಿದಿದೆ ಎಂಬುದು ಮತ್ತೊಂದು.

ಎರಡನೆಯ ಪ್ರಶ್ನೆಗೆ ಪ್ರೋಟೀನುಗಳು ತಕ್ಕಮಟ್ಟಿಗೆ ಉತ್ತರ ಕೊಟ್ಟಿವೆ. 2015ರಲ್ಲಿ, ಮುಂದುವರಿದ ಅವಸ್ಥೆಯ 1,275 ರೋಗಿಗಳನ್ನು ಕುರಿತ ಒಂದು ಅಂತರರಾಷ್ಟ್ರೀಯ ಅಧ್ಯಯನವು ಆಯುಷ್ಯವನ್ನು ಕುಗ್ಗಿಸುವ ನಾಲ್ಕು ಸ್ವತಂತ್ರ ಅಂಶಗಳನ್ನು ಗುರುತಿಸಿತು. ನಾಲ್ಕನೆಯ ಹಂತ, 60 ವರ್ಷ ಮೀರಿದ ವಯಸ್ಸು, ಚರ್ಮದಲ್ಲಿ ದೊಡ್ಡ ಜೀವಕೋಶಗಳಾಗಿ ಆಗುವ ಮಾರ್ಪಾಡು, ಇವುಗಳೊಡನೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಏರಿಕೆಯೂ ಅವುಗಳಲ್ಲಿ ಒಂದು. ಇಂಟರ್‌ಲ್ಯೂಕಿನ್-2ರ ಕರಗುವ ಗ್ರಾಹಕವೂ ರೋಗದ ಹೊರೆಯೊಡನೆ ಏರುತ್ತದೆ. ಆದರೆ ಈ ಗುಣವೇ ಮೊದಲ ಪ್ರಶ್ನೆಯಲ್ಲಿ ದೋಷವಾಗುತ್ತದೆ. ಹೊರೆ ಹೆಚ್ಚಿದಾಗ ಏರುವ ಸೂಚಕವು, ನಾಲ್ಕಾರು ಮಚ್ಚೆಗಳಷ್ಟೇ ಇರುವ ರೋಗಿಯಲ್ಲಿ ಮೌನವಾಗಿರುವುದು ಸ್ವಾಭಾವಿಕ. ಅಗತ್ಯ ಹೆಚ್ಚಾಗಿರುವಲ್ಲಿಯೇ ಅದರ ಬಲ ಕಡಿಮೆ.

ಇನ್ನು ಟಾರ್ಕ್ ಎಂಬ ಪ್ರೋಟೀನನ್ನು ನೋಡೋಣ. ಟಿ-ಜೀವಕೋಶಗಳನ್ನು ಚರ್ಮದತ್ತ ಸೆಳೆಯುವ ಇದರ ಪ್ರಮಾಣವು ಮೈಕೋಸಿಸ್ ಫಂಗಾಯ್ಡಿಸ್‌ನಲ್ಲಿ ಏರುವುದು ನಿಜ. ಆದರೆ ಅಟೊಪಿಕ್ ಇಸುಬಿನಲ್ಲಿಯೂ ಅದು ಏರುತ್ತದೆ; ಜಪಾನಿನ ವೈದ್ಯರು ಆ ಇಸುಬಿನ ತೀವ್ರತೆಯನ್ನು ಅಳೆಯಲು ಇದನ್ನೇ ಬಳಸುತ್ತಾರೆ. ಆದ್ದರಿಂದ ರೋಗಿಗಳನ್ನು ಆರೋಗ್ಯವಂತರೊಡನೆ ಹೋಲಿಸಿ ಟಾರ್ಕಿನ ಹಿರಿಮೆಯನ್ನು ಸಾರುವ ಲೇಖನವು ವೈದ್ಯನು ಕೇಳದ ಪ್ರಶ್ನೆಗೆ ಉತ್ತರ ಹೇಳಿದಂತಾಯಿತು. ಆರೋಗ್ಯವಂತನನ್ನು ಗುರುತಿಸಲು ಕಣ್ಣೇ ಸಾಕು. ಬೇಕಾದುದು ಇಸುಬಿನಿಂದ ಲಿಂಫೋಮವನ್ನು ಬೇರ್ಪಡಿಸುವ ಸಾಧನ.

ಲೆಕ್ಕವೂ ಇದನ್ನೇ ಹೇಳುತ್ತದೆ. ಸಂದೇಹಾಸ್ಪದ ಮಚ್ಚೆಗಳುಳ್ಳ 1,000 ಜನರಲ್ಲಿ 10 ಮಂದಿಗೆ ಲಿಂಫೋಮವಿದೆಯೆಂದು ಇಟ್ಟುಕೊಳ್ಳೋಣ. ರೋಗವುಳ್ಳವರಲ್ಲಿ ಶೇಕಡ 90 ಮಂದಿಯನ್ನು ಹಿಡಿದು, ಇಲ್ಲದವರಲ್ಲಿ ಶೇಕಡ 90 ಮಂದಿಯನ್ನು ಬಿಡಿಸುವ ಪರೀಕ್ಷೆಯೊಂದಿದ್ದರೆ, ಅದು 9 ಮಂದಿ ನಿಜವಾದ ರೋಗಿಗಳನ್ನೂ ಅವರೊಡನೆ ರೋಗವಿಲ್ಲದ 99 ಮಂದಿಯನ್ನೂ ತೋರಿಸುತ್ತದೆ. ಅರ್ಬುದದ ಭಯಕ್ಕೆ ಒಳಗಾದ 12 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಅದು ಇರುತ್ತದೆ.

ಜೀವಕೋಶದ ಮೇಲ್ಮೈಯ ಪ್ರೋಟೀನುಗಳ ಸ್ಥಿತಿ ಇದಕ್ಕಿಂತ ಉತ್ತಮ. ಸಿ.ಡಿ.26ರ ಲೋಪವೂ ಕೆ.ಐ.ಆರ್.3ಡಿ.ಎಲ್.2 ಎಂಬುದರ ಇರವೂ ಸೆಜಾರಿ ಜೀವಕೋಶಗಳನ್ನು ರಕ್ತದಲ್ಲಿ ಎಣಿಸಲು ನೆರವಾಗುತ್ತವೆ. ಟಾರ್ಕಿನ ಗ್ರಾಹಕವಾದ ಸಿ.ಸಿ.ಆರ್.4 ಔಷಧಕ್ಕೇ ಗುರಿಯಾಯಿತು. ಅದನ್ನು ಹಿಡಿಯುವ ಮೊಗಾಮುಲಿಜುಮಾಬ್ ಎಂಬ ಪ್ರತಿಕಾಯಕ್ಕೆ 2018ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಆದರೂ ಎಚ್ಚರ ಬೇಕು. ಸಿ.ಡಿ.7ರ ಲೋಪವು ನಿರಪಾಯಕರವಾದ ಚರ್ಮದ ಉರಿಯೂತಗಳಲ್ಲಿಯೂ ಕಾಣುವುದುಂಟು.

ಮೇಲಣ ವಿವೇಚನೆಯಿಂದ ನಾವು ಕೇಳುವುದು ಇಷ್ಟು. ಹೊಸ ಸೂಚಕವನ್ನು ಮುಂದಿಡುವವರು, ರೋಗನಿರ್ಣಯವಾಗುವ ಮೊದಲೇ, ಸಂದೇಹದಿಂದ ಬಂದ ರೋಗಿಗಳೆಲ್ಲರಿಂದ ಸಾಲಾಗಿ ರಕ್ತವನ್ನು ಸಂಗ್ರಹಿಸಲಿ. ರೋಗವೆಂದು ಹೇಳುವ ಮಿತಿಯನ್ನು ಮೊದಲೇ ಗೊತ್ತುಮಾಡಲಿ. ಬೇರೊಂದು ಆಸ್ಪತ್ರೆಯಲ್ಲಿ, ಬೇರೆ ಮೈಬಣ್ಣದವರಲ್ಲಿ ಅದನ್ನು ಪುನಃ ಪರೀಕ್ಷಿಸಲಿ. ಈ ಶ್ರಮವನ್ನು ಕೈಗೊಳ್ಳದೆ ಪ್ರೋಟೀನುಗಳ ಪಟ್ಟಿಯನ್ನು ಬೆಳೆಸುತ್ತ ಹೋದರೆ ಬರಹಗಳ ಸಂಖ್ಯೆ ಹೆಚ್ಚೀತು; ರೋಗಿಯು ಕಾಯುವ 36 ತಿಂಗಳಲ್ಲಿ ಒಂದು ದಿನವೂ ಕಡಿಮೆಯಾಗದು.