ಬಿ ಮೈನರ್ ಮತ್ತು ಯೋಹಾನನ ಶಿಲುಬೆ

ಮೈನರ್ ಸ್ವರಶ್ರೇಣಿಯೆಂದರೆ ಶೋಕ, ಮೇಜರ್ ಎಂದರೆ ಹರ್ಷ ಎಂಬ ಸುಲಭ ಸೂತ್ರವು ಆರಾಧನಾ ಸಂಗೀತದ ಚರ್ಚೆಗಳಲ್ಲಿ ಬೇರೂರಿದೆ. ಬಿ ಮೈನರ್‌ಗಂತೂ ಈ ಹಣೆಪಟ್ಟಿ ಹಳೆಯದು. 1713ರಲ್ಲಿ ಯೋಹಾನ್ ಮ್ಯಾಥೆಸನ್ ಅದನ್ನು ವಿಲಕ್ಷಣವೂ ವಿಷಣ್ಣವೂ ಆದುದೆಂದು ಬಗೆದನು. ಅದೇ ಶತಮಾನದ ಉತ್ತರಾರ್ಧದಲ್ಲಿ ಶೂಬಾರ್ಟನು ಅದರಲ್ಲಿ ತಾಳ್ಮೆಯನ್ನೂ ದೈವಚಿತ್ತಕ್ಕೆ ಶರಣಾಗತಿಯನ್ನೂ ಕಂಡನು. ಎರಡನೆಯದು ಪ್ರಸಂಗಿಗಳಿಗೆ ಪ್ರಿಯವಾಗಬಲ್ಲ ಮಾತು. ಆದರೂ ನಾವು ಎರಡನ್ನೂ ಒಪ್ಪಲಾರೆವು. ಬಾಖ್‌ನ ಕಾಲದ ಲೈಪ್ಸಿಗ್‌ನಲ್ಲಿ ದೇವಾಲಯದ ಆರ್ಗನ್ ಉಳಿದ ವಾದ್ಯಗಳಿಗಿಂತ ಒಂದು ಪೂರ್ಣಸ್ವರ ಮೇಲೆ ಶ್ರುತಿಗೊಂಡಿತ್ತು. ಆದುದರಿಂದ ಪಿಟೀಲಿನವರು ಬಿ ಮೈನರ್‌ನಲ್ಲಿ ಓದುತ್ತಿದ್ದ ಸಂಗೀತವನ್ನೇ ಆರ್ಗನ್ ವಾದಕನು ಎ ಮೈನರ್‌ನಲ್ಲಿ ನುಡಿಸುತ್ತಿದ್ದನು. ಒಂದೇ ನಾದಕ್ಕೆ ಎರಡು ಹೆಸರಿರುವಲ್ಲಿ, ಶೋಕವು ಯಾವ ಹೆಸರಿನಲ್ಲಿ ಮನೆಮಾಡೀತು?

ಶ್ರೇಣಿಯ ಅರ್ಥವು ಅದರ ನೆರೆಹೊರೆಯಲ್ಲಿದೆ ಎಂಬುದು ನಮ್ಮ ವಾದ. ಬಿ ಮೈನರ್‌ಗೂ ಡಿ ಮೇಜರ್‌ಗೂ ಅವೇ ಎರಡು ಶಾರ್ಪ್‌ಗಳು. ಆಧಾರಸ್ವರ ಮಾತ್ರ ಬೇರೆ. ಡಿ ಮೇಜರ್ ಆ ಕಾಲದ ತುತ್ತೂರಿ ನಗಾರಿಗಳ ಶ್ರೇಣಿ, ಜಯಘೋಷದ ಶ್ರೇಣಿ.

1724ರ ಶುಭ ಶುಕ್ರವಾರ ಲೈಪ್ಸಿಗ್‌ನಲ್ಲಿ ಮೊದಲು ಹಾಡಲ್ಪಟ್ಟ ಬಾಖ್‌ನ ‘ಸೇಂಟ್ ಜಾನ್ ಪ್ಯಾಶನ್’ ಕೃತಿಯಲ್ಲಿ, ಎಲ್ಲವೂ ನೆರವೇರಿತೆಂಬ ಕ್ರಿಸ್ತನ ಕೊನೆಯ ಮಾತನ್ನು (ಯೋಹಾನ 19:30) ಆಲ್ಟೊ ಧ್ವನಿಯು ಕೈಗೆತ್ತಿಕೊಳ್ಳುತ್ತದೆ. ಜೊತೆಗೆ ವಿಯೋಲಾ ದ ಗಾಂಬಾ. ಇಳಿಯುವ ಸ್ವರಗಳು, ಬಿ ಮೈನರ್, ಬಹು ನಿಧಾನ. ನಡುವೆ ಯೂದಕುಲದ ವೀರನ ಜಯವನ್ನು ನೆನೆದೊಡನೆ ತಂತಿವಾದ್ಯಗಳೆಲ್ಲ ಎಚ್ಚತ್ತು ಡಿ ಮೇಜರ್‌ಗೆ ಧುಮುಕುತ್ತವೆ. ತುತ್ತೂರಿ ಮಾತ್ರ ಇಲ್ಲ. ಇಡೀ ಕೃತಿಯಲ್ಲಿಯೇ ಇಲ್ಲವೆನ್ನಿ. ಆ ಘೋಷವು ಥಟ್ಟನೆ ತುಂಡಾಗಿ ಬಿ ಮೈನರ್ ಮರಳುತ್ತದೆ.

ಇದನ್ನು ಈಸ್ಟರಿನ ಕ್ಷಣಿಕ ಮುನ್ನೋಟವೆಂದು ಓದುವುದು ಸುಲಭ. ಆದರೆ ನಾಲ್ಕನೆಯ ಸುವಾರ್ತೆಯಲ್ಲಿ ಮನುಷ್ಯಕುಮಾರನು ಎತ್ತಲ್ಪಡುವುದೇ ಆತನ ಮಹಿಮೆ. ಶಿಲುಬೆಯು ಮಹಿಮೆಗೆ ಮುಂಚಿನ ಅಡ್ಡಿಯಲ್ಲ. ಬಾಖ್ ಇದನ್ನು ಅರಿತಿದ್ದನೆಂಬುದಕ್ಕೆ ಮುಂದಿನ ಭಾಗವೇ ಸಾಕ್ಷಿ. ಯೇಸು ತಲೆಬಾಗಿಸಿ ಪ್ರಾಣಬಿಟ್ಟನೆಂಬ ಸುವಾರ್ತಿಕನ ಚಿಕ್ಕ ವಾಕ್ಯ ಮುಗಿದೊಡನೆ ಬಾಸ್ ಧ್ವನಿಯ ಗೀತ ಆರಂಭವಾಗುತ್ತದೆ, ಡಿ ಮೇಜರ್‌ನಲ್ಲಿ. ಪುನರುತ್ಥಾನಕ್ಕೆ ಕಾಯದೆ, ಶವದ ಎದುರಿಗೇ! ನಾನು ಮರಣದಿಂದ ಬಿಡುಗಡೆ ಹೊಂದಿದೆನೋ ಎಂದು ವಿಶ್ವಾಸಿಯು ಅಲ್ಲಿ ರಕ್ಷಕನನ್ನು ಕೇಳುತ್ತಾನೆ. ಗಾಯನವೃಂದವು ಅದರೊಡನೆ ಸ್ತೋತ್ರಗೀತವೊಂದನ್ನು ಹಾಡುತ್ತಿರುತ್ತದೆ. ನೋವಿನಿಂದ ಆತನು ಮಾತಾಡಲಾರನು, ತಲೆ ಬಾಗಿಸಿ ಮೌನವಾಗಿ ಹೌದೆನ್ನುತ್ತಾನೆ. ಸಾವಿನ ಚಿಹ್ನೆಯಾಗಿದ್ದ ಬಾಗಿದ ತಲೆ ಇಲ್ಲಿ ಉತ್ತರವಾಗಿದೆ. ಆಲ್ಟೊ ಗೀತದ ಇಳಿಮುಖ ಸ್ವರಗಳನ್ನು ಇದಾದ ಮೇಲೆ ಬರಿಯ ಶೋಕವೆಂದು ಕೇಳುವುದು ನಮಗಂತೂ ಅಸಾಧ್ಯ.

‘ಬಿ ಮೈನರ್ ಮಾಸ್’ ಎಂಬ ಹೆಸರೂ ಇಂಥದೇ ದಾರಿತಪ್ಪಿಸುವ ಹಣೆಪಟ್ಟಿ. ಅದು ಬಾಖ್ ಇಟ್ಟ ಹೆಸರಲ್ಲ. ಕೃತಿಯ ಬಹುಭಾಗ ಡಿ ಮೇಜರ್‌ನಲ್ಲಿದೆ, ಶಿಲುಬೆಯ ಭಾಗವಂತೂ ಇ ಮೈನರ್‌ನಲ್ಲಿದೆ.

ಶುಭ ಶುಕ್ರವಾರದ ಆರಾಧನೆಗೆ ಆಲ್ಟೊ ಗೀತವೊಂದನ್ನೇ ಕಿತ್ತು ತಂದು ಹಾಡಿಸುವುದನ್ನು ನಾವು ಮೆಚ್ಚದಿರುವುದು ಈ ಕಾರಣಕ್ಕೆ. ಪ್ರಶ್ನೆಯನ್ನೂ ಉತ್ತರವನ್ನೂ ಬಿಟ್ಟರೆ ಸಭೆಗೆ ಉಳಿಯುವುದು ಮರಣದ ಇಂಪು ಮಾತ್ರ. ಬಾಸ್ ಗೀತಕ್ಕೆ ಗಾಯನವೃಂದವೂ ಬೇಕು, ವಾರಗಟ್ಟಲೆ ಅಭ್ಯಾಸವೂ ಬೇಕು ಎಂಬುದನ್ನು ಬಲ್ಲೆವು. ಅದು ಕೈಗೂಡದ ಸಭೆಗಳಲ್ಲಿ ಎರಡನ್ನೂ ಬಿಟ್ಟು ಯೋಹಾನನ 19ನೆಯ ಅಧ್ಯಾಯವನ್ನು ನಿಧಾನವಾಗಿ ಓದುವುದೇ ಲೇಸು.